ಮೋಟಾರ್‌ಸೈಕಲ್ ಎಂಜಿನ್ನಿನಿಂದ ಹೆಲಿಕಾಪ್ಟರ್‌ವರೆಗೆ: ಸಿಕೋರ್ಸ್ಕಿಯ ಮೂವತ್ತು ವರ್ಷಗಳ ಕಾಯುವಿಕೆ

1909ರ ಮೇ ತಿಂಗಳು. ಪ್ಯಾರಿಸ್‌ನಿಂದ ಕೀವ್ ನಗರಕ್ಕೆ ಹಿಂದಿರುಗಿದ 20ರ ಹರೆಯದ ವಿದ್ಯಾರ್ಥಿಯೊಬ್ಬ ತನ್ನೊಂದಿಗೆ ಕೊಂಡು ತಂದದ್ದು ಮೂರು ಸಿಲಿಂಡರುಗಳ, 25 ಅಶ್ವಶಕ್ತಿಯ ಒಂದು ಎಂಜಿನ್. ಅದಕ್ಕೆ ತೆತ್ತ ಹಣ ಅಕ್ಕ ಓಲ್ಗಾಳದು. ಆ ಎಂಜಿನ್ನಿನ ನಿರ್ಮಾತೃ ಅಲೆಸ್ಸಾಂಡ್ರೊ ಆನ್‌ಜಾನಿ ಎಂಬ ಇಟಲಿಯವನು. ಮೋಟಾರ್‌ಸೈಕಲ್ ಪಂದ್ಯಗಳಲ್ಲಿ ಹೆಸರು ಮಾಡಿ, ಅವುಗಳಿಗೆ ಎಂಜಿನ್ ಕಟ್ಟುತ್ತಲೇ ವಿಮಾನಗಳತ್ತ ಹೊರಳಿದ ಕುಶಲಕರ್ಮಿ. ದ್ವಿಚಕ್ರ ವಾಹನಕ್ಕಾಗಿ ಹುಟ್ಟಿದ ಆ ಯಂತ್ರದ ಬಂಧುವನ್ನು ಹಿಡಿದು ಆಕಾಶಕ್ಕೆ ನೆಟ್ಟಗೆ ಏರಿಬಿಡಬಹುದೆಂದು ನಂಬಿದ್ದ ಆ ವಿದ್ಯಾರ್ಥಿಯ ಹೆಸರು ಇಗೋರ್ ಇವಾನೊವಿಚ್ ಸಿಕೋರ್ಸ್ಕಿ.

ನಂಬಿಕೆ ಹುಸಿಯಾಯಿತು. ಯಂತ್ರ ಏಳಲಿಲ್ಲ. ಅದೇ ಮನುಷ್ಯ ತನ್ನ ಹೆಲಿಕಾಪ್ಟರನ್ನು ನೆಲದಿಂದ ಮೇಲೆತ್ತುವಷ್ಟರಲ್ಲಿ 30 ವರ್ಷಗಳು, ಒಂದು ಮಹಾಯುದ್ಧ, ಒಂದು ಕ್ರಾಂತಿ ಹಾಗೂ ಒಂದು ದೇಶಾಂತರ ಕಳೆದುಹೋಗಿದ್ದವು. ಸಿಕೋರ್ಸ್ಕಿ ಅವರ ಜೀವನವನ್ನು ವಿಮಾನಗಳ ಪಟ್ಟಿಯಾಗಿ ಹೇಳುವುದು ವಾಡಿಕೆ. ಆದರೆ ಆ ಬದುಕಿನ ಪ್ರತಿಯೊಂದು ತಿರುವಿನಲ್ಲೂ ಎದುರಾಗುವುದು ಒಂದು ಎಂಜಿನ್.

ಪ್ರೊಫೆಸರರ ಮನೆಯ ಕಿರಿಯ ಮಗ

ಸಿಕೋರ್ಸ್ಕಿ ಜನಿಸಿದ್ದು 1889ರ ಮೇ 25ರಂದು, ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ, ಇಂದು ಉಕ್ರೇನಿನ ರಾಜಧಾನಿಯಾಗಿರುವ ಕೀವ್‌ನಲ್ಲಿ. ಐವರು ಮಕ್ಕಳಲ್ಲಿ ಕಿರಿಯವನು. ತಂದೆ ಇವಾನ್ ಸಿಕೋರ್ಸ್ಕಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮನೋವೈದ್ಯಶಾಸ್ತ್ರದ ಪ್ರಾಧ್ಯಾಪಕರು. ತಾಯಿ ಮಾರಿಯಾ ವೈದ್ಯಕೀಯ ಓದಿದ್ದರೂ ವೃತ್ತಿ ನಡೆಸದೆ ಮಕ್ಕಳ ಶಿಕ್ಷಣಕ್ಕೆ ನಿಂತ ಗೃಹಿಣಿ. ಲಿಯೊನಾರ್ಡೊ ಡ ವಿಂಚಿ ಬರೆದಿಟ್ಟ, ತಿರುಪಿನಾಕಾರದ ಹಾರುವ ಯಂತ್ರದ ಚಿತ್ರದ ಸಂಗತಿಯನ್ನು ಮಗನ ಕಿವಿಗೆ ಹಾಕಿದವರು ಆಕೆಯೇ. ಜೂಲ್ಸ್ ವೆರ್ನ್‌ನ ಕಾದಂಬರಿಗಳು ಉಳಿದ ಕೆಲಸ ಮಾಡಿದವು. 12ರ ವಯಸ್ಸಿನಲ್ಲಿ ಬಾಲಕ ರಬ್ಬರ್ ಪಟ್ಟಿಯನ್ನು ಹುರಿಗೊಳಿಸಿ ಮೇಲೇರುವ ಪುಟ್ಟ ಮಾದರಿಯೊಂದನ್ನು ಮಾಡಿದ. ಅದು ಏರಿತು ಕೂಡ. ಆಟಿಕೆ ಏರಿದರೆ ದೊಡ್ಡದೂ ಏರಬೇಕಲ್ಲವೇ ಎಂಬ ತರ್ಕ ಮಕ್ಕಳದ್ದಷ್ಟೇ ಅಲ್ಲ. ಆ ಕಾಲದ ಅನೇಕ ಎಂಜಿನಿಯರುಗಳದ್ದೂ ಆಗಿತ್ತು.

1903ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ನೌಕಾ ಕೆಡೆಟ್ ಶಾಲೆ ಸೇರಿದ ಸಿಕೋರ್ಸ್ಕಿ, 1906ರಲ್ಲಿ ಅದನ್ನು ಬಿಟ್ಟು ಎಂಜಿನಿಯರಿಂಗ್ ಕಡೆ ಹೊರಳಿದರು. ಪ್ಯಾರಿಸ್‌ನಲ್ಲಿ ಕೆಲಕಾಲ, ಬಳಿಕ 1907ರಿಂದ ಕೀವ್ ಪಾಲಿಟೆಕ್ನಿಕ್‌ನಲ್ಲಿ ಓದು. 1908ರ ಬೇಸಿಗೆಯಲ್ಲಿ ತಂದೆಯೊಡನೆ ಜರ್ಮನಿಗೆ ಹೋಗಿದ್ದಾಗ ರೈಟ್ ಸಹೋದರರ ಹಾರಾಟದ ವರದಿ ಕಣ್ಣಿಗೆ ಬಿತ್ತು. ಅಲ್ಲಿಗೆ ಓದು ಹಿಂದೆ ಸರಿಯಿತು. ಹೋಟೆಲ್ ಕೋಣೆಯಲ್ಲೇ ರೋಟರ್ ಪ್ರಯೋಗ ಮೊದಲಾಯಿತು.

ಮರುವರ್ಷದ ಜನವರಿಯಲ್ಲಿ ಅಕ್ಕ ಕೊಟ್ಟ ಹಣದೊಡನೆ ಮತ್ತೆ ಪ್ಯಾರಿಸ್‌ಗೆ ಪಯಣ. ಅಲ್ಲಿ ಭೇಟಿಯಾದ ವಿಮಾನ ಹಾರಾಟದ ಹಿರಿಯ, ಕ್ಯಾಪ್ಟನ್ ಫರ್ಡಿನೆಂಡ್ ಫರ್ಬರ್, ಹೆಲಿಕಾಪ್ಟರಿಗಾಗಿ ಸಮಯ ಹಾಳು ಮಾಡಿಕೊಳ್ಳಬೇಡ, ವಿಮಾನ ಕಟ್ಟು ಎಂದು ಬುದ್ಧಿ ಹೇಳಿದರು. ಆ ಸಲಹೆ ಸರಿಯಾದುದೇ ಆಗಿತ್ತು. ಎರಡು ವರ್ಷ ಹಿಂದೆ, 1907ರ ನವೆಂಬರ್‌ನಲ್ಲಿ, ಫ್ರಾನ್ಸಿನ ಲಿಸಿಯೊ ಪಟ್ಟಣದ ಸೈಕಲ್ ತಯಾರಕ ಪಾಲ್ ಕಾರ್ನು 24 ಅಶ್ವಶಕ್ತಿಯ ಎಂಜಿನ್ ಕೂರಿಸಿದ ಎರಡು ರೋಟರಿನ ಯಂತ್ರದಲ್ಲಿ ನೆಲ ಬಿಟ್ಟನೆಂದು ಸುದ್ದಿಯಾಗಿತ್ತು. ಅಷ್ಟು ಶಕ್ತಿಯಿಂದ ಆ ಯಂತ್ರ ಮನುಷ್ಯನನ್ನು ಹೊತ್ತು ಏಳುವುದು ಸಾಧ್ಯವಿತ್ತೇ ಎಂದು ನಂತರದ ತಜ್ಞರು ಲೆಕ್ಕ ಹಾಕಿ ಅನುಮಾನ ಪಟ್ಟಿದ್ದಾರೆ. ಸಿಕೋರ್ಸ್ಕಿ ಸಲಹೆಯನ್ನು ಕೇಳಿಸಿಕೊಂಡರು, ಪಾಲಿಸಲಿಲ್ಲ. ಆನ್‌ಜಾನಿ ಎಂಜಿನ್ ಕೊಂಡರು.

ಅದು ಕಳಪೆ ಎಂಜಿನ್ ಆಗಿರಲಿಲ್ಲ ಎಂಬುದಕ್ಕೆ ಸಾಕ್ಷಿ ಬೇಗನೆ ದೊರೆಯಿತು. 1909ರ ಜುಲೈ 25ರಂದು ಲೂಯಿ ಬ್ಲೇರಿಯೊ ಇಂಗ್ಲಿಷ್ ಕಡಲ್ಗಾಲುವೆಯನ್ನು ಸುಮಾರು 37 ನಿಮಿಷಗಳಲ್ಲಿ ದಾಟಿದ್ದು ಇಂಥದೇ 25 ಅಶ್ವಶಕ್ತಿಯ ಆನ್‌ಜಾನಿಯಿಂದ. ಕಾದು ಹೋಗುತ್ತಿದ್ದ ಎಂಜಿನ್ನನ್ನು ನಡುದಾರಿಯ ಮಳೆಹನಿಗಳು ತಂಪಾಗಿಸಿ ಉಳಿಸಿದವೆಂಬ ಪ್ರತೀತಿಯೂ ಇದೆ.

ಏಳದ ಯಂತ್ರ

ಹಾಗಾದರೆ ಕಡಲು ದಾಟಿಸಿದ ಎಂಜಿನ್ ಕೀವ್‌ನಲ್ಲಿ ಅಂಗಳ ಬಿಟ್ಟು ಮೇಲೇಳಲಿಲ್ಲವೇಕೆ?

ವಿಮಾನಕ್ಕೆ ರೆಕ್ಕೆಗಳಿವೆ. ಓಟ ಹೆಚ್ಚಿದಂತೆ ರೆಕ್ಕೆಗಳೇ ಭಾರವನ್ನು ಹೊರುತ್ತವೆ. ಎಂಜಿನ್ ಮುಂದಕ್ಕೆ ನೂಕಿದರಾಯಿತು. ಹೆಲಿಕಾಪ್ಟರಿನಲ್ಲಿ ತೂಕದ ಪ್ರತಿ ಕಿಲೋವನ್ನೂ ಎಂಜಿನ್ನೇ ಎತ್ತಿ ಹಿಡಿಯಬೇಕು, ಅದೂ ನಿಂತ ನಿಲುವಿನಲ್ಲಿ. ಎಂಜಿನ್ನಿನ ತೂಕ, ಅದರ ವೇಗವನ್ನು ತಗ್ಗಿಸಿ ರೋಟರಿಗೆ ಮುಟ್ಟಿಸುವ ದಂಡ, ಗೇರುಗಳ ತೂಕ, ಚೌಕಟ್ಟಿನ ತೂಕ ಎಲ್ಲವನ್ನೂ ಎತ್ತಿದ ಮೇಲೆ ಉಳಿದರೆ ಮನುಷ್ಯನ ಪಾಲು. 1909ರ ಜುಲೈನಲ್ಲಿ ಸಿದ್ಧವಾದ ಯಂತ್ರದಲ್ಲಿ ಒಂದು ಬದಿಗೆ ಎಂಜಿನ್, ಇನ್ನೊಂದು ಬದಿಗೆ ಚಾಲಕನ ಸ್ಥಾನ, ನಡುವೆ ಒಂದರೊಳಗೊಂದು ಕೂರುವ ಎರಡು ಕೊಳವೆ ದಂಡಗಳು, ಅವುಗಳ ತುದಿಯಲ್ಲಿ ವಿರುದ್ಧ ದಿಕ್ಕಿಗೆ ತಿರುಗುವ ಎರಡು ರೋಟರುಗಳು. ಒಂದಕ್ಕೊಂದು ವಿರುದ್ಧವಾಗಿ ತಿರುಗದಿದ್ದರೆ ಯಂತ್ರದ ಒಡಲೇ ಬುಗುರಿಯಂತೆ ಸುತ್ತತೊಡಗುತ್ತದೆ. ರೋಟರುಗಳ ಅಗಲ ಸುಮಾರು 5 ಮೀಟರ್.

ಚಾಲೂ ಮಾಡಿದಾಗ ಮೊದಲು ಎದುರಾದದ್ದು ನಡುಕ. ಅದನ್ನು ತಕ್ಕಮಟ್ಟಿಗೆ ಹತೋಟಿಗೆ ತಂದು ಎತ್ತುಬಲವನ್ನು ಅಳೆದಾಗ ತಿಳಿದದ್ದು ಕಹಿ ಸತ್ಯ: ಯಂತ್ರಕ್ಕೆ ತನ್ನ ತೂಕವನ್ನೇ ಎತ್ತಲು ಆಗುತ್ತಿರಲಿಲ್ಲ. ಚಾಲಕನ ಮಾತು ದೂರ.

ಬಿಡಲಿಲ್ಲ. 1910ರ ಆರಂಭದಲ್ಲಿ ತಲಾ ಮೂರು ಬ್ಲೇಡುಗಳ ರೋಟರಿನೊಡನೆ ಎರಡನೆಯ ಯಂತ್ರ ಸಿದ್ಧವಾಯಿತು. ಇದು ತನ್ನ ತೂಕವನ್ನು ಎತ್ತಿಕೊಂಡಿತು, ಮನುಷ್ಯನನ್ನು ಎತ್ತಲಿಲ್ಲ. ಈ ನಡುವಿನ ಚಳಿಗಾಲದಲ್ಲಿ ಅವರು ಎಂಜಿನ್ನಿಗೆ ಪ್ರೊಪೆಲ್ಲರ್ ಕಟ್ಟಿ ಹಿಮದ ಮೇಲೆ ಓಡುವ ಜಾರುಬಂಡಿಯನ್ನೂ ಮಾಡಿ ನೋಡಿದ್ದರು. ಅದು ಚೆನ್ನಾಗಿಯೇ ಓಡಿತು. ಓಡಿಸುವುದು ಸುಲಭ, ಎತ್ತುವುದು ಕಷ್ಟ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾರೂ ಕಲಿಸಲಾರರು.

ಈ ಸೋಲನ್ನು ಎಂಜಿನ್ನಿನ ತಲೆಗೆ ಮಾತ್ರ ಕಟ್ಟುವುದು ನ್ಯಾಯವಲ್ಲ. ರೋಟರ್ ಎಷ್ಟು ಅಗಲವೋ ಅಷ್ಟು ಹೆಚ್ಚು ಗಾಳಿಯನ್ನು ಮೆಲ್ಲಗೆ ಕೆಳಕ್ಕೆ ತಳ್ಳಬಹುದು, ಆಗ ಅದೇ ಶಕ್ತಿಗೆ ಹೆಚ್ಚು ತೂಕ ಏಳುತ್ತದೆ. 1939ರಲ್ಲಿ ಅವರೇ ಕಟ್ಟಿದ ಯಂತ್ರದ ರೋಟರ್ ಸುಮಾರು 8.5 ಮೀಟರ್ ಅಗಲವಿತ್ತು. ಅಂದರೆ ಅದು ಗುಡಿಸುತ್ತಿದ್ದ ವೃತ್ತದ ವಿಸ್ತೀರ್ಣ ಕೀವ್ ಯಂತ್ರದ್ದಕ್ಕಿಂತ ಮೂರು ಪಟ್ಟಿನಷ್ಟು. ಬ್ಲೇಡಿನ ಆಕಾರ, ಅದರ ಕೋನ, ಗಾಳಿಯಲ್ಲಿ ಅದರ ವರ್ತನೆ ಯಾವುದರ ಬಗೆಗೂ 1909ರಲ್ಲಿ ನಂಬಬಹುದಾದ ಅಂಕಿಗಳಿರಲಿಲ್ಲ. ಇಷ್ಟಾಗಿಯೂ 20 ವರ್ಷದವನೊಬ್ಬ ತನ್ನ ಲೆಕ್ಕ ತಪ್ಪಿತೆಂದು ಒಪ್ಪಿ, ಯಂತ್ರವನ್ನು ಬಿಚ್ಚಿ, ಮುಂದಿನ ದಾರಿ ಹಿಡಿದದ್ದು ಗಮನಾರ್ಹ. ಏರದ ಯಂತ್ರಕ್ಕೆ ಅಂಟಿಕೊಂಡು ಬದುಕು ಕಳೆದವರ ಸಂಖ್ಯೆ ಆ ಕಾಲದಲ್ಲಿ ಕಡಿಮೆಯಿರಲಿಲ್ಲ.

ಸೊಳ್ಳೆ ಕಲಿಸಿದ ಪಾಠ

ಬಿಚ್ಚಿದ ಆನ್‌ಜಾನಿ ವ್ಯರ್ಥವಾಗಲಿಲ್ಲ. ಸಹಪಾಠಿಗಳೊಡನೆ ಕಟ್ಟಿದ ಎಸ್-1 ವಿಮಾನ 15 ಅಶ್ವಶಕ್ತಿಯ ಎಂಜಿನ್ನಿನಿಂದ ಏಳದೇ ಹೋದಾಗ, ಹೆಲಿಕಾಪ್ಟರಿನ 25 ಅಶ್ವಶಕ್ತಿಯ ಎಂಜಿನ್ ಮುಂದಿನ ಎಸ್-2ಕ್ಕೆ ಬಂತು. 1910ರ ಜೂನ್‌ನಲ್ಲಿ ಸಿಕೋರ್ಸ್ಕಿ ಮೊದಲ ಬಾರಿ ನೆಲ ಬಿಟ್ಟರು. ತಿಂಗಳು ಮುಗಿಯುವಷ್ಟರಲ್ಲಿ ವಿಮಾನ ಕಂದರವೊಂದರಲ್ಲಿ ಬಿದ್ದು ನುಚ್ಚುನೂರಾಯಿತು. ಅದು ಆಕಾಶದಲ್ಲಿ ಕಳೆದದ್ದು ಒಟ್ಟು 8 ನಿಮಿಷ!

ಮುಂದಿನ ವರ್ಷದ ಎಸ್-5ಕ್ಕೆ ಜರ್ಮನಿಯ ಆರ್ಗಸ್ ಕಂಪನಿಯ 50 ಅಶ್ವಶಕ್ತಿಯ ಎಂಜಿನ್. ಆರ್ಗಸ್ ಕೂಡ ಕಾರು ತಯಾರಿಕೆಯಿಂದ ಬಂದ ಸಂಸ್ಥೆಯೇ. ಈ ವಿಮಾನದಿಂದ ಅವರಿಗೆ 64ನೇ ಸಂಖ್ಯೆಯ ಚಾಲನಾ ಪರವಾನಗಿ ದೊರೆಯಿತು. ಒಮ್ಮೆ ಹಾರುತ್ತಿದ್ದಾಗ ಎಂಜಿನ್ ದಿಢೀರನೆ ನಿಂತಿತು. ಹೇಗೋ ಇಳಿದು ಪ್ರಾಣ ಉಳಿಸಿಕೊಂಡ ಮೇಲೆ ಬಿಚ್ಚಿ ನೋಡಿದರೆ, ಪೆಟ್ರೋಲಿನೊಡನೆ ಬಂದ ಸೊಳ್ಳೆಯೊಂದು ಕಾರ್ಬ್ಯುರೇಟರಿನ ಸಣ್ಣ ರಂಧ್ರವನ್ನು ಮುಚ್ಚಿತ್ತು. ರಸ್ತೆಯಲ್ಲಿ ಹೀಗಾದರೆ ಸವಾರ ಬೈಕನ್ನು ಪಕ್ಕಕ್ಕೆ ನಿಲ್ಲಿಸಿ ಕಾರ್ಬ್ಯುರೇಟರ್ ಊದಿ ಮುಂದೆ ಹೋಗುತ್ತಾನೆ. ಆಕಾಶದಲ್ಲಿ ಪಕ್ಕವೆಂಬುದಿಲ್ಲ.

ಒಂದು ಎಂಜಿನ್ ಕೈಕೊಟ್ಟರೂ ಹಾರುತ್ತಿರಬಲ್ಲ ವಿಮಾನ ಬೇಕೆಂಬ ಹಟ ಅಲ್ಲಿಂದ ಹುಟ್ಟಿತು. 1912ರಲ್ಲಿ ರೈಲು ಬೋಗಿಗಳನ್ನೂ ಕಾರುಗಳನ್ನೂ ತಯಾರಿಸುತ್ತಿದ್ದ ರಷ್ಯನ್-ಬಾಲ್ಟಿಕ್ ಕಾರ್ಖಾನೆಯ ವಿಮಾನ ವಿಭಾಗದ ಮುಖ್ಯ ಎಂಜಿನಿಯರಾದ ಸಿಕೋರ್ಸ್ಕಿ, 1913ರ ಮೇ ತಿಂಗಳಲ್ಲಿ ನಾಲ್ಕು ಎಂಜಿನ್‌ಗಳ ರಸ್ಕಿ ವಿತ್ಯಾಜ್ ಎಂಬ ವಿಮಾನವನ್ನು ಹಾರಿಸಿದರು. ತಲಾ 100 ಅಶ್ವಶಕ್ತಿಯ ನಾಲ್ಕು ಆರ್ಗಸ್‌ಗಳು. ಅಷ್ಟು ಭಾರದ ವಿಮಾನ ಏಳುವುದಿಲ್ಲವೆಂದು ನಕ್ಕವರು ಅನೇಕರು. ವಿಪರ್ಯಾಸವೆಂದರೆ ಅದರ ಅಂತ್ಯಕ್ಕೆ ಕಾರಣವಾದದ್ದೂ ಎಂಜಿನ್ನೇ, ತನ್ನದಲ್ಲ, ಬೇರೆಯದು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನೆಲದ ಮೇಲೆ ನಿಂತಿದ್ದ ವಿತ್ಯಾಜ್‌ನ ರೆಕ್ಕೆಯ ಮೇಲೆ, ಮೇಲೆ ಹಾರುತ್ತಿದ್ದ ಇನ್ನೊಂದು ವಿಮಾನದಿಂದ ಕಳಚಿದ ಎಂಜಿನ್ ಬಂದು ಬಿತ್ತು.

ಅದರ ತಮ್ಮನಾದ ಇಲ್ಯಾ ಮುರೊಮೆತ್ಸ್ 1914ರ ಬೇಸಿಗೆಯಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಕೀವ್‌ಗೆ ಹಾರಿ ಹಿಂದಿರುಗಿತು. ದಾರಿಯಲ್ಲಿ ಇಂಧನದ ಕೊಳವೆ ಮುರಿದು ಬೆಂಕಿ ಹತ್ತಿದಾಗ ಸಿಬ್ಬಂದಿಯ ಇಬ್ಬರು ರೆಕ್ಕೆಯ ಮೇಲೆ ಹೋಗಿ ಕೋಟುಗಳಿಂದ ಬಡಿದು ನಂದಿಸಿದರು. ಕೆಲವೇ ವಾರಗಳಲ್ಲಿ ಮಹಾಯುದ್ಧ ಆರಂಭವಾಗಿ ಆ ವಿಮಾನ ಬಾಂಬರ್ ಆಯಿತು. 70ಕ್ಕೂ ಹೆಚ್ಚು ತಯಾರಾದವು. ಶತ್ರುದೇಶದ ಆರ್ಗಸ್ ಎಂಜಿನ್ನುಗಳು ಬರುವುದು ನಿಂತು, ಇಂಗ್ಲೆಂಡಿನ ಸನ್‌ಬೀಮ್ ಮೊದಲಾಗಿ ಸಿಕ್ಕ ಸಿಕ್ಕ ಎಂಜಿನ್ನುಗಳನ್ನು ಹೊಂದಿಸಿಕೊಳ್ಳುವ ಕಸರತ್ತು ಯುದ್ಧದುದ್ದಕ್ಕೂ ನಡೆಯಿತು.

ಹಳೆ ಮಂಚದ ಕಬ್ಬಿಣ, ಹೊಸ ದೇಶ

1917ರ ಕ್ರಾಂತಿಯ ಬಳಿಕ ಸಾಮ್ರಾಟನ ಕಾಲದ ಖ್ಯಾತನಾಮರಿಗೆ ರಷ್ಯಾದಲ್ಲಿ ಉಳಿಗಾಲವಿರಲಿಲ್ಲ. 1918ರ ಆರಂಭದಲ್ಲಿ ದೇಶ ಬಿಟ್ಟ ಸಿಕೋರ್ಸ್ಕಿ, ಫ್ರಾನ್ಸಿನಲ್ಲಿ ಕೆಲಕಾಲ ಇದ್ದು 1919ರ ಮಾರ್ಚ್ ಕೊನೆಯಲ್ಲಿ ನ್ಯೂಯಾರ್ಕ್ ತಲುಪಿದರು. ಮೊದಲ ಪತ್ನಿ ರಷ್ಯಾದಲ್ಲೇ ಉಳಿದರು; ಮಗಳು ತಾನ್ಯಾ ನಂತರ ಅತ್ತೆಯರೊಡನೆ ಅಮೆರಿಕ ಸೇರಿದಳು. ಯುದ್ಧ ಮುಗಿದಿದ್ದರಿಂದ ವಿಮಾನ ಯಾರಿಗೂ ಬೇಕಿರಲಿಲ್ಲ. ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ವಿಮಾನಗಳನ್ನು ಕಟ್ಟಿದ್ದ ಮನುಷ್ಯ ರಷ್ಯನ್ ವಲಸಿಗರಿಗೆ ಗಣಿತ ಪಾಠ ಹೇಳಿ ಹೊಟ್ಟೆ ಹೊರೆದರು.

1923ರಲ್ಲಿ ಗೆಳೆಯರ ಚೂರುಪಾರು ಹಣದಿಂದ, ಲಾಂಗ್ ಐಲೆಂಡಿನ ಕೋಳಿ ಫಾರಂ ಒಂದರಲ್ಲಿ ಹೊಸ ಕಂಪನಿ ತೆರೆಯಿತು. ಸಂಗೀತಗಾರ ಸೆರ್ಗೇಯ್ ರಾಖ್‌ಮಾನಿನೊವ್ 5,000 ಡಾಲರ್ ಕೊಟ್ಟು ಬೆನ್ನಿಗೆ ನಿಂತರು. ಗುಜರಿಯಲ್ಲಿ ಸಿಕ್ಕ ಹಳೆ ಮಂಚಗಳ ಕಬ್ಬಿಣದ ಪಟ್ಟಿಗಳು, ಅಗ್ಗದ ಅಂಗಡಿಯ ಬಿಗಿತಿರುಪುಗಳು ವಿಮಾನದ ಭಾಗಗಳಾದವು. ಹೀಗೆ ರೂಪುಗೊಂಡ ಎಸ್-29-ಎ 1924ರ ಮೇ ತಿಂಗಳಲ್ಲಿ ಮೊದಲ ಬಾರಿ ಏಳುವಾಗ, ದುಡಿದವರೆಲ್ಲ ಒಳಗೆ ಹತ್ತಿ ಕುಳಿತರು. ಬೇಡವೆನ್ನಲು ಸಿಕೋರ್ಸ್ಕಿಗೆ ಮನಸ್ಸು ಬರಲಿಲ್ಲ. ಹಳೆಯ, ಬಲ ಸಾಲದ ಎಂಜಿನ್ನುಗಳು ಅಷ್ಟು ಭಾರ ತಾಳದೆ ವಿಮಾನ ಬಿದ್ದು ಜಖಂಗೊಂಡಿತು.

ಇನ್ನೊಮ್ಮೆ ಎಂಜಿನ್ನಿನ ಕೊರತೆ! ಷೇರುದಾರರನ್ನು ಕೋಣೆಯೊಳಗೆ ಕೂರಿಸಿ ಬಾಗಿಲು ಹಾಕಿ, 2,500 ಡಾಲರ್ ಕೂಡುವವರೆಗೂ ಬಿಡಲಿಲ್ಲವೆಂದು ಹೇಳುತ್ತಾರೆ. ಆ ಹಣಕ್ಕೆ ಬಂದವು ಎರಡು ಲಿಬರ್ಟಿ ಎಂಜಿನ್ನುಗಳು, ತಲಾ 400 ಅಶ್ವಶಕ್ತಿಯವು. ಪ್ಯಾಕಾರ್ಡ್ ಕಾರು ಕಂಪನಿಯ ಎಂಜಿನಿಯರ್ ಸಹಭಾಗಿಯಾಗಿ ರೂಪಿಸಿದ, ಪ್ಯಾಕಾರ್ಡ್, ಫೋರ್ಡ್, ಲಿಂಕನ್ ಕಾರ್ಖಾನೆಗಳಲ್ಲಿ ಯುದ್ಧಕಾಲದಲ್ಲಿ ತಯಾರಾದ ಎಂಜಿನ್ನುಗಳವು. ಸೆಪ್ಟೆಂಬರ್‌ನಲ್ಲಿ ವಿಮಾನ ಸೊಗಸಾಗಿ ಹಾರಿತು. ಅದರ ಮೊದಲ ಸಂಪಾದನೆ ಎರಡು ಗ್ರ್ಯಾಂಡ್ ಪಿಯಾನೊಗಳನ್ನು ವಾಷಿಂಗ್ಟನ್‌ಗೆ ಸಾಗಿಸಿದ ಬಾಡಿಗೆ. ಅದೇ ವರ್ಷ ಸಿಕೋರ್ಸ್ಕಿ ಎಲಿಜಬೆತ್ ಸೆಮಿಯೊನ್ ಅವರನ್ನು ವರಿಸಿದರು, ನಾಲ್ವರು ಗಂಡುಮಕ್ಕಳಾದರು.

ಮುಂದಿನ ಹದಿನಾಲ್ಕು ವರ್ಷಗಳ ಕಥೆ ನೀರಿನ ಮೇಲೂ ಇಳಿಯಬಲ್ಲ ವಿಮಾನಗಳದ್ದು. ಎಸ್-38 ಗೆದ್ದಿತು, ಕಂಪನಿ 1929ರಲ್ಲಿ ಕನೆಕ್ಟಿಕಟ್‌ನ ಸ್ಟ್ರ್ಯಾಟ್‌ಫರ್ಡ್‌ಗೆ ಬಂದು ಯುನೈಟೆಡ್ ಏರ್‌ಕ್ರಾಫ್ಟ್ ಸಮೂಹ ಸೇರಿತು, ಪ್ಯಾನ್ ಅಮೆರಿಕನ್ ಸಂಸ್ಥೆಯ ಕ್ಲಿಪ್ಪರ್ ವಿಮಾನಗಳು ಸಾಗರ ದಾಟಿದವು. ಆದರೆ ಕೀವ್‌ನ ಯಂತ್ರ ಮನಸ್ಸಿನಿಂದ ಹೋಗಿರಲಿಲ್ಲ. 1931ರಲ್ಲೇ ಅವರು ಒಂದು ದೊಡ್ಡ ರೋಟರ್, ಬಾಲದಲ್ಲಿ ಒಂದು ಸಣ್ಣ ರೋಟರ್ ಇರುವ ಹೆಲಿಕಾಪ್ಟರಿಗೆ ಪೇಟೆಂಟ್ ಅರ್ಜಿ ಹಾಕಿದ್ದರು. 1935ರಲ್ಲಿ ಅದು ಮಂಜೂರಾಯಿತು. ಒಡಲು ಸುತ್ತದಂತೆ ತಡೆಯಲು ಎರಡನೆಯ ದೊಡ್ಡ ರೋಟರ್ ಬೇಕಿಲ್ಲ, ಬಾಲದಲ್ಲಿ ಪಕ್ಕಕ್ಕೆ ತಳ್ಳುವ ಚಿಕ್ಕದೊಂದು ಸಾಕು ಎಂಬ ಆ ವಿನ್ಯಾಸವೇ ಇಂದು ಬಹುತೇಕ ಹೆಲಿಕಾಪ್ಟರುಗಳಲ್ಲಿ ಕಾಣುವುದು.

1938ರಲ್ಲಿ ನಷ್ಟದ ಕಾರಣ ವಿಭಾಗವನ್ನು ಮುಚ್ಚಲು ಆಡಳಿತ ಮಂಡಳಿ ನಿರ್ಧರಿಸಿತು. ಸಿಕೋರ್ಸ್ಕಿ ಕೇಳಿದ್ದು ಒಂದೇ: ತಮ್ಮ ಆಪ್ತ ಎಂಜಿನಿಯರುಗಳ ತಂಡವನ್ನು ಉಳಿಸಿಕೊಂಡು ಹೆಲಿಕಾಪ್ಟರ್ ಕಟ್ಟಲು ಅವಕಾಶ. ಅವರಿಗಾಗ 49 ವರ್ಷ.

ಹಗ್ಗ ಕಟ್ಟಿ ಹಾರಿಸಿದ ವಿಎಸ್-300

1939ರ ಸೆಪ್ಟೆಂಬರ್ 14. ಉಕ್ಕಿನ ಕೊಳವೆಗಳ ಬೋಳು ಚೌಕಟ್ಟು, ನಾಲ್ಕು ಸಿಲಿಂಡರಿನ 75 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್, ತಲೆಯ ಮೇಲೆ ಮೂರು ಬ್ಲೇಡುಗಳ ರೋಟರ್. ತೆರೆದ ಆಸನದಲ್ಲಿ ಕೋಟು, ಟೋಪಿ ಧರಿಸಿ ಸ್ವತಃ ಸಿಕೋರ್ಸ್ಕಿ. ಯಂತ್ರವನ್ನು ಹಗ್ಗಗಳಿಂದ ತೂಕಗಳಿಗೆ ಕಟ್ಟಲಾಗಿತ್ತು. ಚಕ್ರಗಳು ನೆಲ ಬಿಟ್ಟವು, ಕೆಲವು ಕ್ಷಣಗಳ ಮಟ್ಟಿಗೆ. ಅಂದಿನ ಒಂದು ಸಾಧಾರಣ ಕಾರಿಗಿದ್ದಷ್ಟೇ ಶಕ್ತಿಯಿಂದ ಮನುಷ್ಯ ನೆಟ್ಟಗೆ ಮೇಲೆದ್ದಿದ್ದ. ಹಗ್ಗ ಬಿಚ್ಚಲು ಅವರು ಆತುರಪಡಲಿಲ್ಲ. ಡಿಸೆಂಬರ್‌ನಲ್ಲಿ ಗಾಳಿಯ ಹೊಡೆತಕ್ಕೆ ಯಂತ್ರ ಮಗುಚಿ ಮುರಿಯಿತು. ಮತ್ತೆ ಕಟ್ಟಿ, ಬಾಲದ ರೋಟರುಗಳನ್ನು ಮೂರಕ್ಕೆ ಏರಿಸಿ, 1940ರ ಮೇ 13ರಂದು ಹಗ್ಗವಿಲ್ಲದೆ ಹಾರಿಸಿದರು. ಹಿಂದಕ್ಕೆ, ಪಕ್ಕಕ್ಕೆ, ಮೇಲಕ್ಕೆ ಎಲ್ಲಕ್ಕೂ ಒಪ್ಪುತ್ತಿದ್ದ ಯಂತ್ರ ಮುಂದಕ್ಕೆ ಹೋಗಲು ಮಾತ್ರ ತಕರಾರು ತೆಗೆಯುತ್ತಿತ್ತು! ಅದನ್ನು ತಿದ್ದಲು ಇನ್ನೊಂದೂವರೆ ವರ್ಷ ಹಿಡಿಯಿತು.

ಎಂಜಿನ್ನೂ ಬದಲಾಗುತ್ತ ಹೋಯಿತು. ಲೈಕಮಿಂಗ್ ತೆಗೆದು 90 ಅಶ್ವಶಕ್ತಿಯ ಫ್ರ್ಯಾಂಕ್ಲಿನ್, ಕೊನೆಗೆ 150ರದು. ಫ್ರ್ಯಾಂಕ್ಲಿನ್ ಎಂಬ ಹೆಸರು ನೀರಿಲ್ಲದೆ ಗಾಳಿಯಿಂದಲೇ ತಣಿಯುವ ಎಂಜಿನ್ನಿನ ಕಾರುಗಳಿಂದ ಪ್ರಖ್ಯಾತವಾದುದು. ಕಾರು ಕಂಪನಿ 1934ರಲ್ಲಿ ಮುಳುಗಿದರೂ ಎಂಜಿನ್ ವಿದ್ಯೆ ಉಳಿದು, ಹಗುರ ವಿಮಾನಗಳಿಗೂ ಹೆಲಿಕಾಪ್ಟರುಗಳಿಗೂ ಬಂತು. ಇದರ ಮುಂದಿನ ಅಧ್ಯಾಯ ಇನ್ನೂ ಸ್ವಾರಸ್ಯಕರ. ಯುದ್ಧಾನಂತರ ಬೆಲ್ ಕಂಪನಿಯ ಹೆಲಿಕಾಪ್ಟರಿಗೆಂದು ಬಳಕೆಯಲ್ಲಿದ್ದ ಫ್ರ್ಯಾಂಕ್ಲಿನ್ ಎಂಜಿನ್ನನ್ನು ಪ್ರೆಸ್ಟನ್ ಟಕ್ಕರ್ ತನ್ನ 1948ರ ಕಾರಿಗೆ ಆರಿಸಿಕೊಂಡು, ಗಾಳಿಯ ಬದಲು ನೀರಿನಿಂದ ತಣಿಯುವಂತೆ ಮಾರ್ಪಡಿಸಿದ. ಕಾರಿನಿಂದ ಹೆಲಿಕಾಪ್ಟರಿಗೆ ಹೋದ ವಿದ್ಯೆ ಹೆಲಿಕಾಪ್ಟರಿನಿಂದ ಕಾರಿಗೆ ಹಿಂದಿರುಗಿತ್ತು.

1941ರ ಮೇ 6ರಂದು ವಿಎಸ್-300 ಸತತ 1 ಗಂಟೆ 32 ನಿಮಿಷ ಗಾಳಿಯಲ್ಲಿದ್ದು ಜರ್ಮನಿಯ ಫಾಕ್-ವುಲ್ಫ್ 61ರ ವಿಶ್ವದಾಖಲೆಯನ್ನು ಮುರಿಯಿತು. ಹೆಲಿಕಾಪ್ಟರನ್ನು ಸಿಕೋರ್ಸ್ಕಿಯೇ ಕಂಡುಹಿಡಿದರೆಂದು ಹೇಳುವವರು ಗಮನಿಸಬೇಕಾದ ಸಂಗತಿಯಿದು: ಆ ಜರ್ಮನ್ ಯಂತ್ರ 1936ರಲ್ಲೇ ಹಾರಿತ್ತು. ಸಿಕೋರ್ಸ್ಕಿ ಅವರ ಹಿರಿಮೆ ಮೊದಲಿಗರಾದದ್ದರಲ್ಲಿಲ್ಲ. ಕಾರ್ಖಾನೆಯಲ್ಲಿ ಸಾಲಾಗಿ ತಯಾರಿಸಬಹುದಾದ, ಸಾಮಾನ್ಯ ಚಾಲಕ ಕಲಿತು ನಡೆಸಬಹುದಾದ ಸರಳ ರೂಪಕ್ಕೆ ಅದನ್ನು ತಂದದ್ದರಲ್ಲಿದೆ.

ಅಸ್ಸಾಮಿನಿಂದ ಬರ್ಮಾಕ್ಕೆ

ವಿಎಸ್-300ರ ಮರಿಯಾದ ಆರ್-4, 1942ರ ಜನವರಿಯಲ್ಲಿ ಹಾರಿ, ಮೇ ತಿಂಗಳಲ್ಲಿ ಸ್ಟ್ರ್ಯಾಟ್‌ಫರ್ಡ್‌ನಿಂದ ಓಹಿಯೊದ ಡೇಟನ್‌ಗೆ 761 ಮೈಲಿಗಳನ್ನು ಐದು ದಿನಗಳಲ್ಲಿ ಕ್ರಮಿಸಿ ಸೇನೆಯ ಕೈ ಸೇರಿತು. ಅದರ ನಿಜವಾದ ಅಗ್ನಿಪರೀಕ್ಷೆ ನಡೆದದ್ದು ಭಾರತದ ಗಡಿಯಾಚೆ. 1944ರ ಏಪ್ರಿಲ್‌ನಲ್ಲಿ ಬರ್ಮಾದ ಕಾಡಿನಲ್ಲಿ ಸಣ್ಣ ವಿಮಾನವೊಂದು ಬಿದ್ದು, ಅದರ ಚಾಲಕ ಹಾಗೂ ಮೂವರು ಬ್ರಿಟಿಷ್ ಸೈನಿಕರು ಜಪಾನಿ ಪಡೆಗಳ ನಡುವೆ ಸಿಕ್ಕಿಬಿದ್ದರು. ಅಸ್ಸಾಮಿನ ಲಾಲಾಘಾಟ್ ನೆಲೆಯಿಂದ ಲೆಫ್ಟಿನೆಂಟ್ ಕಾರ್ಟರ್ ಹಾರ್ಮನ್ ಆರ್-4 ಹೆಲಿಕಾಪ್ಟರಿನಲ್ಲಿ ಹೊರಟರು.

ಬೆಟ್ಟಸೀಮೆ, ಬಿರುಬೇಸಿಗೆ. ಬಿಸಿ ಗಾಳಿ ತೆಳುವಾದುದು. ರೋಟರಿಗೆ ಹಿಡಿತ ಸಿಗುವುದಿಲ್ಲ, ಎಂಜಿನ್ನಿಗೂ ಪೂರ್ಣ ಬಲ ಬರುವುದಿಲ್ಲ. ಸುಮಾರು 180 ಅಶ್ವಶಕ್ತಿಯ ಎಂಜಿನ್ ಒಮ್ಮೆಗೆ ಒಬ್ಬನನ್ನಷ್ಟೇ ಎತ್ತಬಲ್ಲುದಾಗಿತ್ತು. ಇಬ್ಬರನ್ನು ಒಬ್ಬೊಬ್ಬರಾಗಿ ತಂದ ಮೇಲೆ ಎಂಜಿನ್ ಕಾದು ಹೋಗಿ, ಹಾರ್ಮನ್ ನದಿಯ ಮರಳದಿಬ್ಬದಲ್ಲಿ ರಾತ್ರಿ ಕಳೆಯಬೇಕಾಯಿತು. ಮರುದಿನ ಉಳಿದಿಬ್ಬರೂ ಬಂದರು. ಯುದ್ಧಭೂಮಿಯಿಂದ ಹೆಲಿಕಾಪ್ಟರ್ ಜೀವ ಉಳಿಸಿದ ಮೊದಲ ಪ್ರಸಂಗವಿದು. 35 ವರ್ಷ ಹಿಂದೆ ಕೀವ್‌ನ ಅಂಗಳದಲ್ಲಿ ಒಬ್ಬ ಮನುಷ್ಯನ ತೂಕಕ್ಕೆ ಸೋತಿದ್ದ ಲೆಕ್ಕ, ಇಲ್ಲಿ ಕೂದಲೆಳೆಯಲ್ಲಿ ಗೆದ್ದಿತ್ತು.

ಯುದ್ಧ ಮುಗಿದ ವರ್ಷದ ನವೆಂಬರ್‌ನಲ್ಲಿ ಕನೆಕ್ಟಿಕಟ್ ಕರಾವಳಿಯ ಬಿರುಗಾಳಿಯಲ್ಲಿ ಬಂಡೆಗೆ ಸಿಕ್ಕಿದ್ದ ತೈಲದ ದೋಣಿಯಿಂದ ಇಬ್ಬರನ್ನು ಹಗ್ಗದ ಮೂಲಕ ಮೇಲೆತ್ತಿದ ಹೆಲಿಕಾಪ್ಟರಿನ ಚಾಲಕ, ಸಿಕೋರ್ಸ್ಕಿಯವರ ಸೋದರಳಿಯ ಡಿಮಿಟ್ರಿ ವೈನರ್. ಭಾರತೀಯ ವಾಯುಪಡೆ 1954ರಲ್ಲಿ ಪಡೆದ ತನ್ನ ಮೊದಲ ಹೆಲಿಕಾಪ್ಟರ್ ಕೂಡ ಸಿಕೋರ್ಸ್ಕಿ ಕಂಪನಿಯ ಎಸ್-55.

ಹಿತ್ತಲಿನ ಹೆಲಿಕಾಪ್ಟರುಗಳು

ಯುದ್ಧಾನಂತರದ ಅಮೆರಿಕದಲ್ಲಿ ಮನೆಗೊಂದು ಹೆಲಿಕಾಪ್ಟರ್ ಬರುತ್ತದೆಂಬ ಕನಸನ್ನು ಪತ್ರಿಕೆಗಳು ಬಿತ್ತಿದವು. ಅದು ಬರಲಿಲ್ಲ. ಬದಲಿಗೆ ಹಿತ್ತಲಲ್ಲಿ, ಗ್ಯಾರೇಜಿನಲ್ಲಿ ತಾವೇ ಕಟ್ಟಿಕೊಳ್ಳುವವರ ಪಂಗಡವೊಂದು ಹುಟ್ಟಿತು. ಅವರ ಕೈಗೆ ಎಟುಕುತ್ತಿದ್ದದ್ದು ಕಾರು, ಬೈಕು, ದೋಣಿಗಳ ಎಂಜಿನ್ನುಗಳೇ. ರಷ್ಯಾದಲ್ಲೇ ಜನಿಸಿ ಅಮೆರಿಕ ಸೇರಿದ ಇನ್ನೊಬ್ಬ ಇಗೋರ್, ಇಗೋರ್ ಬೆನ್ಸನ್, 1950ರ ದಶಕದಲ್ಲಿ ರೋಟರನ್ನು ಎಂಜಿನ್ನಿಗೆ ಜೋಡಿಸದೆ ಗಾಳಿಗೇ ತಿರುಗಲು ಬಿಡುವ ಜೈರೋಕಾಪ್ಟರಿನ ನಕ್ಷೆಗಳನ್ನು ಮಾರಿ ಈ ಸಮಸ್ಯೆಯ ಅರ್ಧವನ್ನು ತಪ್ಪಿಸಿದರು. ಅದು ನಿಂತಲ್ಲೇ ನಿಲ್ಲಲಾರದು. ಆದರೆ ಸಣ್ಣ ಎಂಜಿನ್ ಸಾಕು.

ನಿಜವಾದ ಹೆಲಿಕಾಪ್ಟರಿಗೆ ಕಾರಿನ ಎಂಜಿನ್ ಕೂರಿಸುವವರಿಗೆ ಎದುರಾಗುವ ತೊಡಕುಗಳು ಕೀವ್‌ನಲ್ಲಿದ್ದವೇ. ಹೆದ್ದಾರಿಯಲ್ಲಿ ಸರಾಗವಾಗಿ ಓಡುವ ಕಾರು ತನ್ನ ಎಂಜಿನ್ನಿನ ಸಾಮರ್ಥ್ಯದ ಸಣ್ಣ ಪಾಲನ್ನಷ್ಟೇ ಬಳಸುತ್ತದೆ. ಗಾಳಿಯಲ್ಲಿ ನಿಂತ ಹೆಲಿಕಾಪ್ಟರಿಗೆ ನಿಮಿಷಗಟ್ಟಲೆ ಬಹುಪಾಲು ಶಕ್ತಿ ಬೇಕು, ಅದೂ ಎದುರುಗಾಳಿಯ ತಂಪಿಲ್ಲದೆ. ಆದ್ದರಿಂದ ಫ್ಯಾನ್ ಅಥವಾ ದೊಡ್ಡ ರೇಡಿಯೇಟರ್ ಬೇಕು, ಅದರ ತೂಕವೂ ಸೇರುತ್ತದೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಎಂಜಿನ್ನನ್ನು ಕೆಲವು ನೂರು ಸುತ್ತಿನ ರೋಟರಿಗೆ ಇಳಿಸುವ ಬೆಲ್ಟು, ಗೇರುಗಳು ಬೇಕು. ಸಿಲಿಂಡರುಗಳ ಬಿಟ್ಟು ಬಿಟ್ಟು ಬರುವ ಹೊಡೆತಕ್ಕೆ ಅವು ಬಿರುಕು ಬಿಡದಂತೆ ನೋಡಿಕೊಳ್ಳಬೇಕು. ಸೈಕಲ್ಲಿನ ಹಿಂಚಕ್ರದಲ್ಲಿರುವಂಥ ಫ್ರೀವೀಲ್ ಒಂದು ಇರಲೇಬೇಕು. ಎಂಜಿನ್ ನಿಂತರೂ ರೋಟರ್ ಗಾಳಿಗೆ ತಿರುಗುತ್ತ ಯಂತ್ರವನ್ನು ಮೆಲ್ಲಗೆ ಇಳಿಸುವುದು ಅದರಿಂದಲೇ. ಅದಿಲ್ಲದಿದ್ದರೆ ಎಂಜಿನ್ನಿನೊಡನೆ ರೋಟರೂ ನಿಲ್ಲುತ್ತದೆ, ಯಂತ್ರ ಕಲ್ಲಿನಂತೆ ಬೀಳುತ್ತದೆ.

ಭಾರತದಲ್ಲೂ ಆಗಾಗ ಇಂಥ ಸಾಹಸಗಳು ಸುದ್ದಿಯಾಗುತ್ತವೆ. ನಾವು ಸುದ್ದಿಗಾರರು ಅವನ್ನು ಹಳ್ಳಿ ಪ್ರತಿಭೆಯೆಂದು ಹೊಗಳಿ ಕೈತೊಳೆದುಕೊಳ್ಳುವುದೂ ಉಂಟು. 2021ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಗ್ರಾಮವೊಂದರಲ್ಲಿ ಕಾರಿನ ಎಂಜಿನ್ ಅಳವಡಿಸಿ ತಾನೇ ಕಟ್ಟಿದ ಹೆಲಿಕಾಪ್ಟರನ್ನು ನೆಲದ ಮೇಲೆ ಪರೀಕ್ಷಿಸುತ್ತಿದ್ದ ಯುವಕನೊಬ್ಬ, ಮುರಿದ ಬ್ಲೇಡಿನ ಹೊಡೆತಕ್ಕೆ ಪ್ರಾಣ ಕಳೆದುಕೊಂಡ. ಎಂಜಿನ್ ಚೆನ್ನಾಗಿ ನಡೆದರೂ, ಸುತ್ತುವ ಒಂದು ಬ್ಲೇಡು ಕಳಚಿದರೆ ಸಾಕು. ಹಗ್ಗ, ತೂಕ, ದೂರದಲ್ಲಿ ನಿಂತ ಸಹಾಯಕರು, ವರ್ಷಗಟ್ಟಲೆ ಕೆಲವೇ ಅಡಿ ಎತ್ತರದ ಹಾರಾಟ: ವಿಎಸ್-300ರ ಕಥೆಯಲ್ಲಿ ಜನ ನೆನಪಿಡದ ಭಾಗವಿದು.

ಕೊನೆಯ ದಿನಗಳು

1943ರ ಅಕ್ಟೋಬರ್‌ನಲ್ಲಿ ವಿಎಸ್-300, ಮಿಚಿಗನ್‌ನ ಡಿಯರ್‌ಬಾರ್ನ್‌ನಲ್ಲಿರುವ ಹೆನ್ರಿ ಫೋರ್ಡ್ ಸಂಗ್ರಹಾಲಯಕ್ಕೆ ಹೋಯಿತು. ಒಪ್ಪಿಸುವ ಮುನ್ನ ಸಿಕೋರ್ಸ್ಕಿ ಅದನ್ನು ಕೊನೆಯ ಬಾರಿಗೆ ತಾವೇ ಹಾರಿಸಿದರು. ಅಷ್ಟರಲ್ಲಿ ಅದು 100 ಗಂಟೆಗೂ ಹೆಚ್ಚು ಹಾರಿತ್ತು. ಹಳೆಯ ಕಾರುಗಳ ನೆರೆಯಲ್ಲಿ ಅದು ಇಂದಿಗೂ ಅಲ್ಲಿದೆ.

1957ರಲ್ಲಿ ನಿವೃತ್ತರಾದ ಸಿಕೋರ್ಸ್ಕಿ ಸಲಹೆಗಾರರಾಗಿ ಕಚೇರಿಗೆ ಬರುವುದನ್ನು ನಿಲ್ಲಿಸಲಿಲ್ಲ. ಮಿತಭಾಷಿ, ದೈವಭಕ್ತ, ಕ್ರೈಸ್ತ ಪ್ರಾರ್ಥನೆಯ ಕುರಿತು ಪುಸ್ತಕವನ್ನೂ ಬರೆದಿದ್ದರು. ತಮ್ಮ ಯಂತ್ರ ಕಾಪಾಡಿದ ಜೀವಗಳ ಲೆಕ್ಕವನ್ನು ಆಸ್ಥೆಯಿಂದ ಕೇಳಿ ತಿಳಿಯುತ್ತಿದ್ದರು. ಬಿಟ್ಟು ಬಂದ ಊರು ಅವರನ್ನು ತಡವಾಗಿ ನೆನೆಯಿತು: ಓದು ಅರ್ಧಕ್ಕೇ ನಿಲ್ಲಿಸಿದ ಕೀವ್ ಪಾಲಿಟೆಕ್ನಿಕ್‌ಗೆ 2016ರಲ್ಲಿ, ನಗರದ ವಿಮಾನ ನಿಲ್ದಾಣಗಳಲ್ಲೊಂದಕ್ಕೆ 2018ರಲ್ಲಿ ಅವರ ಹೆಸರಿಡಲಾಯಿತು.

1972ರ ಅಕ್ಟೋಬರ್ 25ರಂದೂ ಅವರು ಮೇಜಿನ ಮುಂದೆ ಕುಳಿತು ಪತ್ರ ಬರೆದಿದ್ದರು. ಮರುದಿನ ಕನೆಕ್ಟಿಕಟ್‌ನ ಈಸ್ಟನ್‌ನಲ್ಲಿರುವ ಮನೆಯಲ್ಲಿ ನಿಧನರಾದರು. ಅವರಿಗೆ 83 ವರ್ಷವಾಗಿತ್ತು.